ಗಂಟು ಕೈಗೆ ಸಿಕ್ಕ ದಿನದಿಂದ ಕೊನೆಯ ಕೀಮೋವರೆಗೆ: ಬಡವರ ಚಿಕಿತ್ಸೆ ಎಲ್ಲಿ ಕೈತಪ್ಪುತ್ತದೆ?

ಮೊದಲು ಎರಡು ಲೆಕ್ಕ ನೋಡೋಣ. ತುಂಬಾ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಅದರಿಂದ ಸಾಯುವವರು 71ರಲ್ಲಿ ಒಬ್ಬರು. ಅಭಿವೃದ್ಧಿಯಲ್ಲಿ ತೀರಾ ಹಿಂದಿರುವ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಮಾತ್ರ ಅದು ಪತ್ತೆಯಾಗುತ್ತದೆ, ಆದರೆ ಸಾಯುವವರು 48ರಲ್ಲಿ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಕೊಟ್ಟ ಲೆಕ್ಕ ಇದು. ಸುಮ್ನೆ ಒಮ್ಮೆ ಭಾಗಿಸಿ ನೋಡಿ. ಒಂದು ಕಡೆ ಕಾಯಿಲೆ ಪತ್ತೆಯಾದ ಆರು ಜನಕ್ಕೆ ಸುಮಾರು ಒಂದು ಸಾವು. ಇನ್ನೊಂದು ಕಡೆ ಇಬ್ಬರಿಗೆ ಒಂದಕ್ಕಿಂತ ಜಾಸ್ತಿ. ಕಾಯಿಲೆ ಕಡಿಮೆ ಕಾಣಿಸುವ ಕಡೆಯೇ ಸಾವು ಹೆಚ್ಚು.

2022ರಲ್ಲಿ ಪ್ರಪಂಚದಲ್ಲಿ ಸುಮಾರು 2 ಕೋಟಿ ಜನಕ್ಕೆ ಹೊಸದಾಗಿ ಕ್ಯಾನ್ಸರ್ ಬಂತು, 97 ಲಕ್ಷ ಜನ ಸತ್ತರು. ಇಂಥ ದೊಡ್ಡ ಸಂಖ್ಯೆ ಓದಿದಾಗ ಕ್ಯಾನ್ಸರ್ ಎಲ್ಲರನ್ನೂ ಒಂದೇ ಥರ ನೋಡುತ್ತದೆ, ಶ್ರೀಮಂತ ಬಡವ ಅಂತ ಭೇದ ಮಾಡುವುದಿಲ್ಲ ಅನಿಸುತ್ತದೆ. ಬರುವ ವಿಷಯದಲ್ಲೇ ಈ ಮಾತು ಪೂರ್ತಿ ನಿಜ ಅಲ್ಲ. ವಾಸಿಯಾಗುವ ವಿಷಯದಲ್ಲಂತೂ ಅದು ಸುಳ್ಳು.

ಈ ಅಂತರದ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: ಜನರಲ್ಲಿ ಅರಿವು ಇಲ್ಲ. ಅರಿವು ಮೂಡಿಸಿ, ಎಲ್ಲ ಸರಿಹೋಗುತ್ತದೆ. ಈ ಉತ್ತರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅರಿವು ಬೇಕು, ನಿಜ. ಆದರೆ ಅರಿವು ಅನ್ನುವ ಒಂದು ಪದದಿಂದ ತಪ್ಪೆಲ್ಲ ರೋಗಿಯ ತಲೆಗೆ ಹೋಗುತ್ತದೆ, ವ್ಯವಸ್ಥೆ ಕೈತೊಳೆದುಕೊಳ್ಳುತ್ತದೆ. ನಿಜವಾಗಿ ಏನಾಗುತ್ತದೆ ಅಂತ ಹತ್ತಿರದಿಂದ ನೋಡಬೇಕು.

ಕೂಲಿಗೆ ಹೋಗುವ ಒಬ್ಬ ಹೆಂಗಸಿಗೆ ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ನೋವಿಲ್ಲ. ಸ್ತನ ಕ್ಯಾನ್ಸರ್‌ನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ, ಅದೇ ಅದರ ಮೋಸ. ಕೆಲವು ವಾರ ಬಿಟ್ಟು ಹತ್ತಿರದ ಡಾಕ್ಟರ ಹತ್ತಿರ ಹೋಗುತ್ತಾಳೆ. ಅವರು ಮಾತ್ರೆ ಕೊಟ್ಟು ಕಳಿಸುತ್ತಾರೆ. ಕಡಿಮೆಯಾಗಲಿಲ್ಲ, ಮತ್ತೆ ಹೋಗುತ್ತಾಳೆ. ಈ ಸಲ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಒಂದು ದಿನ ಹೆಸರು ಬರೆಸುವುದಕ್ಕೆ, ಒಂದು ದಿನ ಸ್ಕ್ಯಾನ್‌ಗೆ, ಒಂದು ದಿನ ಬಯಾಪ್ಸಿಗೆ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆಗೆ), ಒಂದು ದಿನ ರಿಪೋರ್ಟ್ ತರುವುದಕ್ಕೆ, ರಿಪೋರ್ಟ್ ಬಂದಿಲ್ಲ ಅಂದರೆ ಇನ್ನೊಂದು ದಿನ. ಪ್ರತಿ ದಿನಕ್ಕೂ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ, ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು, ಬಸ್ಸಿಗೆ ದುಡ್ಡು ಬೇಕು. ಇಷ್ಟು ದಿನದಲ್ಲಿ ಕ್ಯಾನ್ಸರ್ ಅನ್ನುವ ಮಾತನ್ನು ಯಾರೂ ಅವಳ ಮುಖ ನೋಡಿ ಸರಿಯಾಗಿ ಹೇಳಿರುವುದಿಲ್ಲ. ಆಪರೇಷನ್‌ಗೆ ತಾರೀಖು ಸಿಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆಮೇಲೆ ಕೀಮೋ. ಎರಡು ಮೂರು ಸಲ ಆದಮೇಲೆ ಕೂದಲು ಉದುರಿ, ಸುಸ್ತಾಗಿ, ಮನೆಯಲ್ಲಿ ಸಾಲ ಬೆಳೆದು, ಒಂದು ದಿನ ಹೋಗುವುದನ್ನೇ ನಿಲ್ಲಿಸುತ್ತಾಳೆ. ಆಸ್ಪತ್ರೆಯ ಕಡತದಲ್ಲಿ ಅವಳು ಮತ್ತೆ ಬರಲಿಲ್ಲ ಅಂತ ಒಂದು ಸಾಲು.

ಇದರಲ್ಲಿ ಅರಿವಿನ ಕೊರತೆ ಎಷ್ಟು? ಮೊದಲ ಕೆಲವು ವಾರ. ಉಳಿದದ್ದೆಲ್ಲ ಆಸ್ಪತ್ರೆ, ದುಡ್ಡು, ದೂರ ಮತ್ತು ಸಮಯ.

ಆ ಸಮಯ ಸಣ್ಣ ವಿಷಯ ಅಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಹಲವು ಬಗೆಯ ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಿತು. ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಸುಮಾರು ಶೇ 6ರಿಂದ 13ರಷ್ಟು ಏರುತ್ತದೆ ಅಂತ ಅದರಲ್ಲಿ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರುಮಾಡಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮದ ಗುರಿಗಳನ್ನು ನೋಡಿದರೂ ಇದೇ ಕಾಣುತ್ತದೆ. ಶೇ 60ರಷ್ಟು ಕ್ಯಾನ್ಸರ್ ಕಾಯಿಲೆಯ ನಾಲ್ಕು ಹಂತಗಳಲ್ಲಿ ಮೊದಲ ಎರಡರಲ್ಲೇ ಸಿಗಬೇಕು, ಆಸ್ಪತ್ರೆಗೆ ಬಂದ 60 ದಿನದೊಳಗೆ ಏನು ಅಂತ ಗೊತ್ತಾಗಬೇಕು, ಶೇ 80ರಷ್ಟು ಜನ ಚಿಕಿತ್ಸೆ ಪೂರ್ತಿ ಮುಗಿಸಬೇಕು. ಹೊಸ ಔಷಧಿಯ ಹೆಸರೇ ಈ ಮೂರರಲ್ಲಿ ಇಲ್ಲ. ಮೂರೂ ರೋಗಿ ಓಡಾಡುವ ದಾರಿಯ ಬಗ್ಗೆಯೇ ಇವೆ.

ಬಡ ದೇಶಗಳಲ್ಲಿ ದುಡ್ಡಿಲ್ಲ, ಅದಕ್ಕೇ ಹೀಗೆ ಅನ್ನಬಹುದು. ಹಾಗಾದರೆ ಅಮೆರಿಕ ನೋಡಿ. ಅಲ್ಲಿ ಕಪ್ಪುವರ್ಣೀಯ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿ ಮಹಿಳೆಯರಿಗಿಂತ ಸ್ವಲ್ಪ ಕಡಿಮೆ. ಆದರೆ ಸಾಯುವ ಪ್ರಮಾಣ ಹೆಚ್ಚುಕಡಿಮೆ ಶೇ 40ರಷ್ಟು ಜಾಸ್ತಿ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ನಿಂದ ಸಾಯುವ ಕಪ್ಪುವರ್ಣೀಯ ಗಂಡಸರ ಪ್ರಮಾಣ ಬಿಳಿಯರ ಎರಡು ಪಟ್ಟು. ಇದಕ್ಕೆ ದೇಹದ ಒಳಗಿನ ಕಾರಣ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಟ್ರಿಪಲ್ ನೆಗೆಟಿವ್ ಅನ್ನುವ ಕಠಿಣ ಬಗೆಯ ಸ್ತನ ಕ್ಯಾನ್ಸರ್ ಕಪ್ಪುವರ್ಣೀಯ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಆದರೆ ಇದಷ್ಟರಿಂದಲೇ ಇಡೀ ಅಂತರ ಹುಟ್ಟುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರದ ಚಿಕಿತ್ಸೆ ಸಿಗುತ್ತದೆ. ಅಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರನ್ನು ವರ್ಷಗಟ್ಟಲೆ ಗಮನಿಸಿದಾಗ, ಕಪ್ಪುವರ್ಣೀಯರು ಬಿಳಿಯರಿಗಿಂತ ಜಾಸ್ತಿ ಸತ್ತಿರಲಿಲ್ಲ.

ಈ ಕಥೆಯಲ್ಲಿ ನಾನು ತುಂಬಾ ಗೌರವಿಸುವ ಒಬ್ಬ ಡಾಕ್ಟರ್ ಇದ್ದಾರೆ, ಹೆರಾಲ್ಡ್ ಫ್ರೀಮನ್. ನ್ಯೂಯಾರ್ಕ್‌ನ ಹಾರ್ಲೆಮ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದರು. ಅವರ ಹತ್ತಿರ ಬರುತ್ತಿದ್ದವರಲ್ಲಿ ಬಹಳಷ್ಟು ಜನ ಬಡ ಕಪ್ಪುವರ್ಣೀಯ ಮಹಿಳೆಯರು. 1964ರಿಂದ 1986ರವರೆಗೆ ಅಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ 606 ಜನರ ದಾಖಲೆ ತೆಗೆದು ನೋಡಿದರೆ, ಅರ್ಧದಷ್ಟು ಜನ ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಬಂದವರು. ತೀರಾ ಆರಂಭದಲ್ಲಿ ಬಂದವರು ಶೇ 6 ಮಾತ್ರ. ಐದು ವರ್ಷ ಬದುಕಿದವರು ಶೇ 39.

ಫ್ರೀಮನ್ ಎರಡು ಕೆಲಸ ಮಾಡಿದರು. ದುಡ್ಡಿಲ್ಲದವರಿಗೂ ಸ್ತನ ತಪಾಸಣೆ ಸಿಗುವ ಹಾಗೆ ಮಾಡಿದರು. 1990ರಲ್ಲಿ ಪೇಷೆಂಟ್ ನ್ಯಾವಿಗೇಟರ್ ಅನ್ನುವ ಹೊಸ ಕೆಲಸವೊಂದನ್ನು ಹುಟ್ಟುಹಾಕಿದರು. ತಪಾಸಣೆಯಲ್ಲಿ ಏನೋ ಸಿಕ್ಕಿತು ಅಂದ ಕ್ಷಣದಿಂದ ಈ ವ್ಯಕ್ತಿ ರೋಗಿಯ ಜೊತೆ ಇರುತ್ತಾರೆ. ಮುಂದಿನ ತಾರೀಖು ಯಾವುದು, ಯಾವ ಕಾಗದ ಬೇಕು, ವಿಮೆ ಇಲ್ಲದಿದ್ದರೆ ಯಾರನ್ನು ಕೇಳಬೇಕು, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಡಾಕ್ಟರ್ ಹೇಳಿದ್ದು ಅರ್ಥವಾಯಿತಾ, ಇವೆಲ್ಲ ಅವರ ಜವಾಬ್ದಾರಿ. ರೋಗಿ ಬರದೇ ಹೋದರೆ ಫೋನ್ ಮಾಡಿ ಕೇಳುವುದೂ ಅವರೇ. ಆ ಊರಿನ ಜನರನ್ನು ಬಲ್ಲ, ಅವರ ಮಾತು ಬಲ್ಲ ಮನುಷ್ಯ ಸಾಕು, ಡಾಕ್ಟರೇ ಆಗಬೇಕಿಲ್ಲ. 1995ರಿಂದ 2000ದವರೆಗೆ ಅದೇ ಆಸ್ಪತ್ರೆಗೆ ಬಂದ 325 ಜನರ ಲೆಕ್ಕ ತೆಗೆದಾಗ, ತಡವಾದ ಹಂತದಲ್ಲಿ ಬಂದವರು ಶೇ 49ರಿಂದ 21ಕ್ಕೆ ಇಳಿದಿದ್ದರು, ಆರಂಭದಲ್ಲೇ ಬಂದವರು ಶೇ 6ರಿಂದ 41ಕ್ಕೆ ಏರಿದ್ದರು. ಐದು ವರ್ಷ ಬದುಕಿದವರು ಶೇ 70. ಈ ನಡುವೆ ಔಷಧಿಗಳೂ ಸುಧಾರಿಸಿದ್ದವು, ಹಾಗಾಗಿ ಪೂರ್ತಿ ಶ್ರೇಯಸ್ಸು ಒಂದೇ ಕೆಲಸಕ್ಕೆ ಕೊಡಲಾಗದು. ಆದರೆ ಜನ ಯಾವ ಹಂತದಲ್ಲಿ ಬಾಗಿಲಿಗೆ ಬಂದರು ಅನ್ನುವುದನ್ನು ಯಾವ ಔಷಧಿಯೂ ಬದಲಾಯಿಸುವುದಿಲ್ಲ, ಅಲ್ವಾ?

ಒಂದು ಆಸ್ಪತ್ರೆಯಲ್ಲಿ ಒಬ್ಬ ಒಳ್ಳೆ ಡಾಕ್ಟರ್ ಇದ್ದರು, ಆಯಿತು. ಇಡೀ ರಾಜ್ಯದಲ್ಲಿ ಆಗುತ್ತದಾ? ಆಗಿದೆ. ಅಮೆರಿಕದ ಪುಟ್ಟ ರಾಜ್ಯ ಡೆಲಾವೇರ್ 2000ದ ನಂತರ ಕರುಳಿನ ಕ್ಯಾನ್ಸರ್ ಮೇಲೆ ಕೈಹಾಕಿತು. ವಿಮೆ ಇಲ್ಲದವರ ತಪಾಸಣೆಯ ಖರ್ಚು ಸರ್ಕಾರವೇ ಕೊಟ್ಟಿತು. ಕ್ಯಾನ್ಸರ್ ಸಿಕ್ಕರೆ ಚಿಕಿತ್ಸೆಯ ಖರ್ಚನ್ನೂ ಕೊಟ್ಟಿತು. ತಪಾಸಣೆ ಮಾಡಿ ಕ್ಯಾನ್ಸರ್ ಇದೆ ಅಂತ ಹೇಳಿ, ಚಿಕಿತ್ಸೆಗೆ ನೀವೇ ದುಡ್ಡು ಹೊಂದಿಸಿಕೊಳ್ಳಿ ಅನ್ನುವುದು ಕ್ರೂರ, ಆದ್ದರಿಂದ ಈ ಎರಡನೇ ಭಾಗ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಜೊತೆಗೆ ನರ್ಸ್‌ಗಳನ್ನು ನ್ಯಾವಿಗೇಟರ್‌ಗಳಾಗಿ ನೇಮಿಸಿ, ಕಪ್ಪುವರ್ಣೀಯರು ಇರುವ ಕಡೆ ವಿಶೇಷವಾಗಿ ಕೆಲಸ ಮಾಡಿದರು. 2001ಕ್ಕೂ 2009ಕ್ಕೂ ನಡುವೆ ತಪಾಸಣೆ ಮಾಡಿಸಿಕೊಂಡ ಕಪ್ಪುವರ್ಣೀಯರು ಶೇ 48ರಿಂದ 74ಕ್ಕೆ ಏರಿದರು, ಬಿಳಿಯರಷ್ಟೇ ಆದರು. ಕರುಳಿನ ಕ್ಯಾನ್ಸರ್‌ನಿಂದ ಅವರ ಸಾವಿನ ಪ್ರಮಾಣ ಲಕ್ಷಕ್ಕೆ 31ರಿಂದ 18ಕ್ಕೆ ಇಳಿಯಿತು. ಬಿಳಿಯರದ್ದು 19.5ರಿಂದ 16.9ಕ್ಕೆ ಇಳಿದಿತ್ತು. ಬಿಳಿಯರಿಗೂ ಲಾಭವಾಯಿತು, ಅಂತರವೂ ಹೆಚ್ಚುಕಡಿಮೆ ಮುಚ್ಚಿತು. ಕೆಲವೇ ವರ್ಷದಲ್ಲಿ.

ಯಾರಿಗೆ ಚಿಕಿತ್ಸೆ ಜಾಸ್ತಿ ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಅಂತ ವೇಲ್ಸ್‌ನ ಗಣಿ ಹಳ್ಳಿಯೊಂದರ ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು. ಆರೋಗ್ಯ ಸೇವೆ ಮಾರುಕಟ್ಟೆಯ ಕೈಗೆ ಹೋದಷ್ಟೂ ಇದು ಜಾಸ್ತಿಯಾಗುತ್ತದೆ ಅಂತಲೂ ಹೇಳಿದ್ದರು. ಒಳ್ಳೆಯದೊಂದು ಹೊಸದಾಗಿ ಬಂದಾಗ ಸುಮ್ಮನೆ ಬಿಟ್ಟರೆ ಅದು ಮೊದಲು ಉಳ್ಳವರ ಮನೆಗೇ ಹೋಗುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಇದು ಎದ್ದು ಕಾಣುತ್ತದೆ. ಎಚ್‌ಪಿವಿ ವೈರಸ್‌ನಿಂದ ಈ ಕ್ಯಾನ್ಸರ್ ಬರುತ್ತದೆ ಅಂತ ತೋರಿಸಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಲಸಿಕೆ 2006ರಲ್ಲೇ ಬಂದಿತ್ತು. ಆದರೆ ಮೊದಲ ವರ್ಷಗಳಲ್ಲಿ ಲಸಿಕೆ ಹೋದದ್ದು ಬಹುಪಾಲು ಶ್ರೀಮಂತ ದೇಶಗಳಿಗೆ. ಅಲ್ಲಿ ನಿಯಮಿತ ತಪಾಸಣೆಯಿಂದ ಈ ಕ್ಯಾನ್ಸರ್ ಆಗಲೇ ತುಂಬಾ ಇಳಿದಿತ್ತು. 2022ರಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತ ಸುಮಾರು 3.5 ಲಕ್ಷ ಹೆಂಗಸರಲ್ಲಿ ಶೇ 94ರಷ್ಟು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಆದರೆ ಮನಸ್ಸು ಮಾಡಿದ ದೇಶಗಳೂ ಇವೆ. ರುವಾಂಡಾ 2011ರಲ್ಲಿ ರಾಷ್ಟ್ರಮಟ್ಟದ ಎಚ್‌ಪಿವಿ ಲಸಿಕೆ ಕಾರ್ಯಕ್ರಮ ಶುರುಮಾಡಿತು. ಲಸಿಕೆ ದಾನವಾಗಿ ಬಂತು, ಶಾಲೆಗಳಲ್ಲೇ ಹಾಕಿದರು, ಶಾಲೆಗೆ ಬರದ ಹುಡುಗಿಯರನ್ನು ಊರಿನ ಆರೋಗ್ಯ ಕಾರ್ಯಕರ್ತರು ಹುಡುಕಿಕೊಂಡು ಹೋದರು. ಗುರಿಯಿಟ್ಟ ಹುಡುಗಿಯರಲ್ಲಿ ಶೇ 90ಕ್ಕಿಂತ ಹೆಚ್ಚು ಜನಕ್ಕೆ ಲಸಿಕೆ ತಲುಪಿತು. ಎಷ್ಟೋ ಶ್ರೀಮಂತ ದೇಶಗಳು ಇಷ್ಟು ದೂರ ಬಂದಿಲ್ಲ. ಸ್ಕಾಟ್ಲೆಂಡ್‌ನಲ್ಲೂ ಶಾಲೆಯಲ್ಲೇ ಲಸಿಕೆ. 12-13ನೇ ವಯಸ್ಸಲ್ಲಿ ಲಸಿಕೆ ಪಡೆದ ಅಲ್ಲಿನ ಹೆಣ್ಣುಮಕ್ಕಳಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದೂ ಸಿಕ್ಕಿಲ್ಲ ಅಂತ 2024ರಲ್ಲಿ ಬಂದ ಅಧ್ಯಯನ ಹೇಳಿತು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು. ತೀರಾ ಬಡ ಬಡಾವಣೆಗಳಲ್ಲಿ, ಲಸಿಕೆ ಪಡೆಯದವರಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ 13.1 ಇದ್ದರೆ, ಮೂರು ಡೋಸ್ ಪಡೆದವರಲ್ಲಿ ಸುಮಾರು 2.3 ಮಾತ್ರ ಇತ್ತು. ಶಾಲೆಯಲ್ಲಿ ಎಲ್ಲರಿಗೂ ಕೊಟ್ಟರೆ ಯಾರೂ ಹೋಗಿ ಕೇಳಬೇಕಿಲ್ಲ, ಯಾರೂ ರಜೆ ಹಾಕಬೇಕಿಲ್ಲ. ಲಸಿಕೆಯನ್ನು ಎಲ್ಲಿ ಕೊಡುತ್ತೇವೆ ಅನ್ನುವುದರ ಮೇಲೆ ಅಷ್ಟು ನಿಂತಿದೆ.

ತಪಾಸಣೆಯಲ್ಲೂ ಇದೇ ಮಾತು. ದೊಡ್ಡ ಲ್ಯಾಬ್ ಇಲ್ಲದೆ, ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ಬಿಳಿ ಮಚ್ಚೆ ಕಾಣುತ್ತದಾ ಅಂತ ಬರಿಗಣ್ಣಲ್ಲಿ ನೋಡುವ ವಿಧಾನ ಒಂದಿದೆ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದನ್ನು ಸುಮಾರು ಒಂದೂವರೆ ಲಕ್ಷ ಹೆಂಗಸರ ಅಧ್ಯಯನದಲ್ಲಿ ಪರೀಕ್ಷಿಸಿತು. ತಪಾಸಣೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ತಪಾಸಣೆ ಸಿಕ್ಕ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಶೇ 31ರಷ್ಟು ಕಡಿಮೆಯಾಯಿತು ಅಂತ 2013ರಲ್ಲಿ ಗೊತ್ತಾಯಿತು. ಈಗ ಎಚ್‌ಪಿವಿ ಪರೀಕ್ಷೆ ಇನ್ನೂ ಚೆನ್ನಾಗಿದೆ, ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾ 2022ರ ಜುಲೈನಿಂದ ತಪಾಸಣೆಗೆ ಬರುವ ಎಲ್ಲರಿಗೂ ಈ ಆಯ್ಕೆ ಕೊಟ್ಟಿದೆ. ಅಪರಿಚಿತರ ಮುಂದೆ ಬಟ್ಟೆ ತೆಗೆಯಲು ನಾಚಿಕೆಯಾಗುವವರಿಗೆ, ಹಿಂದೆ ಹಿಂಸೆ ಅನುಭವಿಸಿದವರಿಗೆ, ಆಸ್ಪತ್ರೆಯಲ್ಲಿ ಅವಮಾನ ಆದವರಿಗೆ ಇದೊಂದರಿಂದಲೇ ಬಾಗಿಲು ತೆರೆಯಬಹುದು.

ದುಡ್ಡಿನ ವಿಷಯಕ್ಕೆ ಬರೋಣ. ಆಗ್ನೇಯ ಏಷ್ಯಾದ ಎಂಟು ದೇಶಗಳಲ್ಲಿ 9,500ಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2015ರಲ್ಲಿ ಬಂತು. ವರ್ಷ ಮುಗಿಯುವಷ್ಟರಲ್ಲಿ ಶೇ 29ರಷ್ಟು ಜನ ತೀರಿಕೊಂಡಿದ್ದರು. ಶೇ 48ರಷ್ಟು ಜನರ ಮನೆಯ ಹಣಕಾಸು ಕುಸಿದಿತ್ತು, ಅಂದರೆ ವರ್ಷದ ಆದಾಯದ ಶೇ 30ಕ್ಕಿಂತ ಹೆಚ್ಚು ಕೈಯಿಂದ ಖರ್ಚಾಗಿತ್ತು. ಬದುಕೂ ಉಳಿದು, ಮನೆಯೂ ಮುಳುಗದೆ ಇದ್ದವರು ಶೇ 23 ಮಾತ್ರ. ಇದು ಬರೀ ಸಾಲದ ಕಥೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾನ್ಸರ್ ಬಂದು ದಿವಾಳಿಯಾದವರನ್ನು, ಕ್ಯಾನ್ಸರ್ ಬಂದರೂ ದಿವಾಳಿಯಾಗದವರ ಜೊತೆ ಹೋಲಿಸಿದಾಗ, ದಿವಾಳಿಯಾದವರಲ್ಲಿ ಸಾವಿನ ಅಪಾಯ ಶೇ 79ರಷ್ಟು ಹೆಚ್ಚಿತ್ತು. ದುಡ್ಡು ಮುಗಿದರೆ ಮಾತ್ರೆ ಅರ್ಧ ಮಾಡಿ ನುಂಗುತ್ತಾರೆ, ತಾರೀಖು ತಪ್ಪಿಸುತ್ತಾರೆ, ಆಮೇಲೆ ಬಿಟ್ಟೇಬಿಡುತ್ತಾರೆ.

ಮಕ್ಕಳ ವಿಷಯ ಬಂದರೆ ನನಗೆ ಸಮಾಧಾನದಿಂದ ಬರೆಯಲು ಆಗುವುದಿಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ವಾಸಿಯಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. ಈ ಮಕ್ಕಳು ಸಿಗರೇಟು ಸೇದಿಲ್ಲ, ತಪಾಸಣೆ ತಪ್ಪಿಸಿಲ್ಲ, ಯಾವ ತಪ್ಪೂ ಮಾಡಿಲ್ಲ. ಹೆಚ್ಚಿನ ಔಷಧಿಗಳು ಹಳೆಯವು, ಪೇಟೆಂಟ್ ಮುಗಿದವು. ಕೊರತೆ ಇರುವುದು ರೋಗ ಗುರುತಿಸುವುದರಲ್ಲಿ, ಔಷಧಿ ತಪ್ಪದೆ ಸಿಗುವುದರಲ್ಲಿ, ಕೀಮೋ ನಡುವೆ ಸೋಂಕು ತಗುಲಿದರೆ ನೋಡಿಕೊಳ್ಳುವುದರಲ್ಲಿ, ಮನೆಯವರು ಅರ್ಧಕ್ಕೆ ಬಿಡದ ಹಾಗೆ ಉಳಿಸಿಕೊಳ್ಳುವುದರಲ್ಲಿ. 2030ರೊಳಗೆ ಕನಿಷ್ಠ ಶೇ 60ರಷ್ಟು ಮಕ್ಕಳು ಬದುಕುಳಿಯಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇಟ್ಟುಕೊಂಡ ಗುರಿ. ಆ ವರ್ಷ ದೂರ ಇಲ್ಲ.

ಯಂತ್ರಗಳದ್ದೂ ಇದೇ ಪಾಡು. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಯಾವುದೋ ಹಂತದಲ್ಲಿ ರೇಡಿಯೇಷನ್ ಬೇಕು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2022ರಲ್ಲಿ ಇದಕ್ಕಾಗಿಯೇ ಒಂದು ಕಾರ್ಯಕ್ರಮ ಶುರುಮಾಡಿದಾಗ ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ಒಂದೇ ಒಂದು ಯಂತ್ರ ಇರಲಿಲ್ಲ.

ನೋವಿನ ಔಷಧಿಯ ಲೆಕ್ಕ ಇನ್ನೂ ಕಠೋರ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2017ರ ವರದಿ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಮಾರ್ಫಿನ್ ಥರದ ಔಷಧಿ 298.5 ಟನ್. ಅದರಲ್ಲಿ ತೀರಾ ಬಡ ದೇಶಗಳಿಗೆ ಸಿಗುತ್ತಿದ್ದುದು 0.1 ಟನ್, ಅಂದರೆ 100 ಕಿಲೋ. ಬಾಯಿಗೆ ಹಾಕುವ ಮಾರ್ಫಿನ್ ದುಬಾರಿ ಔಷಧಿಯೇ ಅಲ್ಲ. ಉಗಾಂಡಾದಲ್ಲಿ ಪುಡಿ ತರಿಸಿ ದ್ರವ ಮಾಡಿ ಉಚಿತವಾಗಿ ಕೊಡುತ್ತಾರೆ. ವಿಶೇಷ ತರಬೇತಿ ಪಡೆದ ನರ್ಸ್‌ಗಳು ಅದನ್ನು ಬರೆದುಕೊಡಲು ಕಾನೂನಿನ ಅನುಮತಿ ಇದೆ. ಉಗಾಂಡಾ ಮಾಡಬಹುದಾದರೆ ಬೇರೆಯವರಿಗೆ ಏನು ಅಡ್ಡಿ? ಬಹಳ ಕಡೆ ಅಡ್ಡಿಯಾಗಿರುವುದು ಭಯ ಮತ್ತು ಬಿಗಿ ನಿಯಮ. ವಾಸಿಯಾಗದ ರೋಗಿಯನ್ನು ನೋವಿನಲ್ಲೇ ಸಾಯಲು ಬಿಡುವುದು ಅಸಮಾನತೆಯ ಅತಿ ಕೆಟ್ಟ ರೂಪ ಅಂತ ನಾನು ನಂಬುತ್ತೇನೆ.

ತಂಬಾಕಿನ ಬಗ್ಗೆ ಜಾಸ್ತಿ ಬರೆಯಬೇಕಿಲ್ಲ, ಗೊತ್ತಿರುವುದೇ. ಉಳ್ಳವರು ಮೊದಲು ಬಿಡುತ್ತಾರೆ, ಬಡವರಲ್ಲಿ ಉಳಿದುಬಿಡುತ್ತದೆ. ಇಂದು ತಂಬಾಕು ಬಳಸುವವರಲ್ಲಿ ಸುಮಾರು ಶೇ 80ರಷ್ಟು ಜನ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ತೆರಿಗೆ ಏರಿಸಿದರೆ ಬಳಕೆ ಇಳಿಯುತ್ತದೆ ಅನ್ನುವುದಕ್ಕೆ ಬೇಕಾದಷ್ಟು ಪುರಾವೆ ಇದೆ. ಆದರೆ ಬಿಡಲು ಸಹಾಯ ಮಾಡದೆ ಬರೀ ತೆರಿಗೆ ಹಾಕಿದರೆ, ಬಿಡಲಾಗದ ಬಡವರ ಜೇಬಿಗೇ ಕತ್ತರಿ.

ಇಷ್ಟೆಲ್ಲ ಮಾಡಲು ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಸರಿಯಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ 115 ದೇಶಗಳನ್ನು ಕೇಳಿದಾಗ, ಎಲ್ಲ ಪ್ರಜೆಗಳಿಗೂ ಕೊಡುವ ಆರೋಗ್ಯ ಸೇವೆಯಲ್ಲಿ ಕ್ಯಾನ್ಸರ್‌ನ ಮೂಲ ಚಿಕಿತ್ಸೆಯನ್ನು ಸೇರಿಸಿದ್ದ ದೇಶಗಳು ಶೇ 39 ಮಾತ್ರ. ಆದರೆ ನನ್ನ ತಕರಾರು ಖರ್ಚಿನ ಮೊತ್ತಕ್ಕಿಂತ ಅದರ ಸರದಿಯ ಬಗ್ಗೆ. ಬಯಾಪ್ಸಿ ರಿಪೋರ್ಟ್ ಬೇಗ ಕೊಡುವ ಲ್ಯಾಬ್ ಇಲ್ಲದ ಕಡೆ ದುಬಾರಿ ಔಷಧಿಗೆ ಹಣ ಸುರಿದರೆ ಲಾಭವಾಗುವುದು ಹೇಗೋ ಬೇಗ ಒಳಗೆ ಬಂದವರಿಗೆ ಮಾತ್ರ. ತಡವಾಗಿ ಬಂದವರಿಗೆ ಆ ಔಷಧಿ ಕೆಲವು ತಿಂಗಳು ಕೊಡಬಹುದು. ಮೊದಲ ಹಂತದಲ್ಲಿ ಸಿಕ್ಕಿದ್ದರೆ ಸಣ್ಣ ಆಪರೇಷನ್ ಎಷ್ಟೋ ವರ್ಷ ಕೊಡುತ್ತಿತ್ತು. ಮಾಡದೇ ಇರುವುದಕ್ಕೂ ಬೆಲೆ ಇದೆ: 2020 ಒಂದೇ ವರ್ಷದಲ್ಲಿ ಕ್ಯಾನ್ಸರ್‌ನಿಂದ ಸತ್ತ ಹೆಂಗಸರು ಬಿಟ್ಟುಹೋದ, ತಾಯಿಯಿಲ್ಲದ ಮಕ್ಕಳು ಪ್ರಪಂಚದಲ್ಲಿ ಸುಮಾರು 10 ಲಕ್ಷ.

ಹಾಗಾಗಿ ಯಾವುದೇ ಕ್ಯಾನ್ಸರ್ ಯೋಜನೆ ಬಂದಾಗ ಎಷ್ಟು ಹಾಸಿಗೆ, ಎಷ್ಟು ಯಂತ್ರ ಅಂತ ಕೇಳಿ ಸುಮ್ಮನಾಗಬಾರದು. ಮೊದಲ ಭೇಟಿಯಿಂದ ರಿಪೋರ್ಟ್ ಕೈಗೆ ಬರುವವರೆಗೆ ಎಷ್ಟು ದಿನ? ರಿಪೋರ್ಟ್‌ನಿಂದ ಚಿಕಿತ್ಸೆ ಶುರುವಾಗುವವರೆಗೆ ಎಷ್ಟು ದಿನ? ಶುರುಮಾಡಿದ ನೂರು ಜನರಲ್ಲಿ ಮುಗಿಸಿದವರು ಎಷ್ಟು? ಇದನ್ನು ಸರಾಸರಿಯಲ್ಲಿ ಕೊಟ್ಟರೆ ಸಾಲದು, ಯಾಕೆಂದರೆ ಉಳ್ಳವರ ಒಳ್ಳೆಯ ಅಂಕಿ ಬಡವರ ಕೆಟ್ಟ ಅಂಕಿಯನ್ನು ಮುಚ್ಚಿಬಿಡುತ್ತದೆ. ಆದಾಯದ ಪ್ರಕಾರ, ಸಮುದಾಯದ ಪ್ರಕಾರ, ಗಂಡು ಹೆಣ್ಣಿನ ಪ್ರಕಾರ, ಆಸ್ಪತ್ರೆಯಿಂದ ಇರುವ ದೂರದ ಪ್ರಕಾರ ಬಿಡಿಸಿ ಕೊಡಬೇಕು. ಅರ್ಧಕ್ಕೆ ಬಿಟ್ಟುಹೋದವರಿಗೆ ಆ ವಾರವೇ ಫೋನ್ ಮಾಡಿ, ಯಾಕೆ ಬರಲಿಲ್ಲ ಅಂತ ಕೇಳಿ, ಬಸ್ಸಿನ ದುಡ್ಡೋ, ಉಳಿಯುವ ಜಾಗವೋ, ವಾಂತಿಗೆ ಮಾತ್ರೆಯೋ, ಬೇಕಾದದ್ದನ್ನು ಕೊಡಿಸುವ ಒಬ್ಬರು ಸಂಬಳದ ಮೇಲೆ ಇರಬೇಕು. ಸ್ವಯಂಸೇವಕರ ಒಳ್ಳೆಯತನದ ಮೇಲೆ ಇದನ್ನು ಬಿಡಬಾರದು. ಫ್ರೀಮನ್ 1990ರಲ್ಲಿ ಶುರುಮಾಡಿದ ಈ ಕೆಲಸಕ್ಕೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಪ್ರತ್ಯೇಕವಾಗಿ ಹಣ ಕೊಡಲು ಶುರುಮಾಡಿದ್ದು 2024ರ ಜನವರಿಯಲ್ಲಿ. ಅಲ್ಲೇ ಇಷ್ಟು ತಡವಾಗಿದೆ ಅಂತ ಬೇರೆ ದೇಶಗಳೂ ಕಾಯುತ್ತ ಕೂರಬೇಕಿಲ್ಲ. ಕ್ಯಾನ್ಸರ್ ಆಸ್ಪತ್ರೆಯ ಬಜೆಟ್‌ನಲ್ಲಿ ಡಾಕ್ಟರ್, ನರ್ಸ್, ಟೆಕ್ನಿಷಿಯನ್ ಹುದ್ದೆಗಳ ಪಟ್ಟಿಯಲ್ಲೇ ಈ ಹುದ್ದೆಯನ್ನೂ ಸೇರಿಸಬಹುದು.